ಅಪ್‌ಡೇಟ್: ಸ್ವಾಪ್‌ಗಾಗಿ 90 ಸೆಕೆಂಡ್ ಕಾಯೋದು ನಿಂತಿತು
ಚಿಕ್ಕಮಗಳೂರಿನ ಅಂಗಡಿಯ ಡೆಬಿಯನ್ (ಲಿನಕ್ಸ್) ಯಂತ್ರ ಬೂಟ್ ಆಗುವಾಗ ಸ್ವಾಪ್‌ಗೆ, ಅಂದರೆ ರಾಮ್ ಸಾಲದಾಗ ಬಳಸೋ ಡಿಸ್ಕಿನ ಜಾಗಕ್ಕೆ, 90 ಸೆಕೆಂಡ್ ಕಾಯುತ್ತೆ ಅಂತ ಕೇಳಿದ್ದೆನಲ್ಲ, ಸರಿಹೋಯ್ತು. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುವಾಗ ಅದು ಸಣ್ಣ ಕಾಟವಲ್ಲ!

ಸ್ವಾಪ್ ಸಿದ್ಧಪಡಿಸೋ ಎಂಕೆಸ್ವಾಪ್ ಆಜ್ಞೆ ಮತ್ತೆ ಓಡಿಸಿದ್ದರಿಂದ ಅದರ ಯುಯುಐಡಿ (ಗುರುತಿನ ಸಂಖ್ಯೆ) ಬದಲಾಗಿತ್ತು, ಬೂಟ್‌ನಲ್ಲಿ ಯಾವ ಪಾರ್ಟಿಶನ್ ಜೋಡಿಸಬೇಕೆಂದು ಹೇಳೋ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಹಳೆಯದೇ ಕೂತಿತ್ತು. ಬಿಎಲ್‌ಕೆಐಡಿ ಆಜ್ಞೆ ತೋರಿಸೋ ಹೊಸ ಯುಯುಐಡಿಯನ್ನು ಅಲ್ಲಿ ಹಾಕಿ ಎಂದವರ ಸಲಹೆ ಫಲಿಸಿತು, ಆದರೆ ಅರ್ಧ. ಬೂಟ್‌ನ ಮೊದಲ ಹಂತದಲ್ಲಿ ಲೋಡ್ ಆಗೋ ಇನಿಟ್‌ರಾಮ್‌ಎಫ್‌ಎಸ್‌ನ ರೆಸ್ಯೂಮ್ ಫೈಲಿನಲ್ಲೂ ಹಳೇ ಯುಯುಐಡಿ ಇತ್ತು. ಅದನ್ನೂ ತಿದ್ದಿ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ ಓಡಿಸಿದ ಮೇಲೆಯೇ ಪೂರ್ತಿ ಗುಣ.

ಸ್ವಾಪ್ ನಿಲ್ಲಿಸೋ ಸ್ವಾಪ್‌ಆಫ್ ಆಜ್ಞೆ ಬರೀ ಕೊಟ್ಟರೆ ಪ್ರಯೋಜನವಿಲ್ಲ, ರೀಬೂಟ್ ಆದರೆ ಅದೇ ರಾಗ.

ಅಚ್ಚರಿ ಏನಪ್ಪಾ ಅಂದ್ರೆ, ಎಫ್‌ಎಸ್‌ಟ್ಯಾಬ್‌ನ ಸ್ವಾಪ್ ಸಾಲು ಅಳಿಸಿದರೂ ಸ್ವಾಪ್ ತಾನೇ ಆನ್ ಆಯ್ತು. ರೂಟ್ (ಮುಖ್ಯ ಪಾರ್ಟಿಶನ್) ಇರುವ ಜಿಪಿಟಿ ವಿಧದ ಡಿಸ್ಕಿನಲ್ಲಿ ಪಾರ್ಟಿಶನ್ ಟೈಪ್ ನೋಡಿ, ಬೂಟ್ ನಡೆಸೋ ಸಿಸ್ಟಮ್‌ಡಿಯೇ ಸ್ವಾಪನ್ನು ಎತ್ತಿಕೊಳ್ಳುತ್ತೆ. ಬೇಡವೆಂದರೆ ಪಾರ್ಟಿಶನ್ ತಿದ್ದೋ ಎಸ್‌ಜಿಡಿಸ್ಕ್‌ನಲ್ಲಿ ಆ ಪಾರ್ಟಿಶನ್‌ಗೆ 63ನೇ ಬಿಟ್ (ತಾನೇ ಎತ್ತಿಕೊಳ್ಳಬೇಡ ಎನ್ನೋ ಗುರುತು) ಸೆಟ್ ಮಾಡಿ.