ಚೀಸ್ ಆಮ್ಲೆಟ್ ಕೇಳಿದ ತಮ್ಮಗ ಕಾಕಿಯ ಉತ್ತರ

ತಮ್ಮಾ, ಮುಂಜಾನಿ ನೀ ಗ್ರೂಪಿನ್ಯಾಗ ಹಾಕಿದ್ದು ಈಗ ಕೇಳ್ದೆ ನೋಡಪ್ಪ. ಐತವಾರ ರಾತ್ರಿ ಮೆಸ್ ಬಂದ್ ಇರ್ತದ, ಕಲಬುರಗಿಯ ಸೂಪರ್ ಮಾರ್ಕೆಟ್ ಪ್ಯಾಟಿ ಕಡಿ ಹೋಗಿ ಚೀಸ್ ಆಮ್ಲೆಟ್ ತಿಂದ್ರ ರೊಕ್ಕ ಭಾಳ ಆಗ್ತಾವ, ರೂಮ್‌ನ್ಯಾಗ ಮಾಡಿದ್ರ ನೀರ್ ನೀರ್ ಆಗಿ ಒಡೀತದ ಅಂದೀದಿ. ಜರಾ ಸಾವಕಾಶ ಹೇಳ್ತೀನಿ, ಪೂರಾ ಕೇಳು.

ನೀರಾಗೋದು ತತ್ತಿಯಿಂದಲ್ಲ, ಕಾಯಿಪಲ್ಯದಿಂದ. ಹಸಿ ಉಳ್ಳಾಗಡ್ಡಿ, ಟಮಾಟಿ ತತ್ತಿಯೊಳಗ ಹಾಕಿ ಉಪ್ಪು ಕಲಿಸಿ ಇಟ್ಟಿ ಅಂದ್ರ, ಆ ಉಪ್ಪು ಅದರಾಗಿನ ನೀರೆಲ್ಲಾ ಹೊರಗ ಎಳೀತದ. ಅದಕ್ಕ ಮೊದಲ ಕಾಯಿಪಲ್ಯ ಹುರಕೋ. ಎರಡು ತತ್ತಿಗೆ ಒಂದು ಸಣ್ಣ ಉಳ್ಳಾಗಡ್ಡಿ, ಅರ್ಧ ಟಮಾಟಿ ಬೀಜ ತೆಗೆದು, ಒಂದು ಹಸಿ ಮೆಣಸಿನಕಾಯಿ, ಒಂದು ಹಿಡಿ ಮೆಂತೆ ಪಲ್ಯ. ಸಂಜೀಕ ಕಣ್ಣಿ ಮಾರ್ಕೆಟ್‌ಗೆ ಹೋದ್ರ ಪಲ್ಯದ ಸಿವುಡು ಅಗ್ಗಕ್ಕ ಸಿಗ್ತದ. ತವಾ ಛಲೋ ಕಾದ ಮ್ಯಾಲ ಒಂದು ಚಮಚಾ ಎಣ್ಣಿ ಬಿಟ್ಟು ಎಲ್ಲಾ ಹಾಕು, ಉರಿ ಜೋರ ಇರ್ಲಿ. ಚುಂಯ್ ಅನ್ನೋ ಸಪ್ಪಳ ಕಡಿಮಿ ಆಗಿ ಉಳ್ಳಾಗಡ್ಡಿ ಅಂಚು ಕೆಂಪಾಗ್ಲಾಕ ಹತ್ತಿದ್ರ ನೀರು ಹೋಯ್ತು ಅಂತ ತಿಳಕೋ. ಬ್ಯಾರೆ ತಾಟಿಗೆ ತೆಗಿ.

ಉಪ್ಪು ಮಾತ್ರ ನೀ ಯಾವಾಗ್ಲೂ ಹಾಕೋದ್ರ ಅರ್ಧ ಹಾಕು. ಅಂಗಡ್ಯಾಗ ಸಿಗೋ ಚೀಸಿನ್ಯಾಗ ಮೊದಲ ಉಪ್ಪದ.

ಈಗ ಉರಿ ಸಣ್ಣ ಮಾಡು. ತವಾಕ್ಕ ಇನ್ನೊಂದೀಟು ಎಣ್ಣಿ ಸವರಿ, ಬಡಿದಿಟ್ಟ ತತ್ತಿ ಹೊಯ್ದು ಮ್ಯಾಲ ಮುಚ್ಚು. ಅಂಚು ಬಿಟ್ಟಿರಬೇಕು, ನಡುವ ಇನ್ನಾ ಜರಾ ಹಸಿ ಹೊಳೀತಿರಬೇಕು, ಆವಾಗ ಹುರಿದಿದ್ದು ಒಂದು ಕಡಿ ಅರ್ಧಕ್ಕ ಹರವು. ಅದರ ಮ್ಯಾಲ ಚೀಸ್ ತುರಿ. ತುರಿಮಣಿ ಇಲ್ಲಂದ್ರ ಚಾಕುಲೇ ತೆಳ್ಳಗ ಹೆಚ್ಚು, ನಡೀತದ. ಇನ್ನರ್ಧ ಮಡಚಿ, ಒಲಿ ಬಂದ್ ಮಾಡಿ, ಮತ್ತ ಮುಚ್ಚಿ ಎರಡು ನಿಮಿಷ ಬಿಡು. ಆ ಕಾವಿಗೇ ತತ್ತಿನೂ ಬೇಯ್ತದ, ಚೀಸೂ ಕರಗ್ತದ. ತೆಗದಾಗ ಒಳಗ ಹಸಿ ಕಂಡ್ರ ಸಣ್ಣ ಉರಿ ಮ್ಯಾಲ ಇನ್ನೊಂದೀಟು ಹೊತ್ತು ಇಡು, ಹಸಿ ತತ್ತಿ ತಿನ್ನಬ್ಯಾಡ. ಜೋರ ಉರಿ ಮ್ಯಾಲ ಚೀಸ್ ಹಾಕಿದ್ರ ಅದರ ಜಿಡ್ಡು ಬ್ಯಾರೆ ಆಗಿ ಹರೀತದ, ಉಳಿದಿದ್ದು ರಬ್ಬರ್ ಆಗ್ತದ.

ಚೀಸ್ ಬದಲಿ ಪನೀರ್ ಹಾಕ್ಲೇನು ಅಂತ ನಿಮ್ಮ ಅಕ್ಕ ಕೇಳ್ಯಾಳ. ಹಾಕಬಹುದವ್ವಾ, ರುಚಿ ಛಲೋ ಇರ್ತದ, ಆದ್ರ ಕರಗಂಗಿಲ್ಲ. ಪನೀರ್ ಅಂದ್ರ ನಿಂಬಿ ಹುಳಿ ಹಿಂಡಿ ಒಡದ ಹಾಲು, ಎಷ್ಟು ಕಾಸಿದ್ರೂ ಪುಡಿ ಪುಡಿನೇ ಉಳೀತದ. ತತ್ತಿ ತಿನ್ನದವರಿಗೆ ಕಡ್ಲಿ ಹಿಟ್ಟು ದ್ವಾಸಿ ಹದಕ್ಕ ಕಲಿಸಿ, ಇದೇ ಕಾಯಿಪಲ್ಯ, ಇದೇ ಚೀಸ್ ಹಾಕಿ ಮಾಡ್ರಿ. ನಾ ಶ್ರಾವಣದಾಗ ಹಂಗೇ ಮಾಡ್ತೀನಿ.

ರೊಕ್ಕದ್ದು ಕೇಳಿದ್ದಿ. ತತ್ತಿಗೆ ಏಳೇಳು ರೂಪಾಯಿ ಹಿಡಿ, ಚೀಸ್ ಒಂದು ಕ್ಯೂಬ್ ಹದಿನೈದು, ಕಾಯಿಪಲ್ಯ, ಎಣ್ಣಿ ಸೇರಿ 40 ದಾಟಂಗಿಲ್ಲ. ಒಂದು ಕ್ಯೂಬ್ ಭರ್ತಿ ಸಾಕು, ಹೆಚ್ಚಿಗಿ ಹಾಕಿದ್ರ ಮೆಂತೆ ರುಚಿನೇ ಸಿಗಂಗಿಲ್ಲ. ಕೂಡ ಖಟಕ್ ರೊಟ್ಟಿ ಇಟ್ಕೋ, ನಮ್ಮವ್ವ ಕಳಿಸಿದ್ದು ಇನ್ನಾ ಇರಬೇಕಲ್ಲ, ಬ್ರೆಡ್ ತರೋದು ಬ್ಯಾಡ.

ಇನ್ನೊಂದು, ನಿನ್ನ ರೂಮ್‌ನ್ಯಾಗ ಫ್ರಿಜ್ ಇಲ್ಲ. ಕಲಬುರಗಿ ಬಿಸಿಲು ಬ್ಯಾಸಗಿಯೊಳಗ 40 ಡಿಗ್ರಿ ದಾಟ್ತದ, ದೊಡ್ಡ ಪಾಕೀಟು ತಂದು ಇಟ್ಟಿ ಅಂದ್ರ ಕೆಡ್ತದ. ಅಂಗಡ್ಯಾಗ ಬಿಡಿ ಕ್ಯೂಬ್ ಕೊಡ್ತೀರೇನ್ರಿ ಅಂತ ಕೇಳು, ಮಾಡೋ ದಿನಾನೇ ತಗೊಂಡು ಬಾ.