ಭಟ್ಟಿಯ ಕೆಲಸ, ಗುಟ್ಕಾ, ಕಡಿಮೆ ಬಂದ ವೀರ್ಯಾಣು ಸಂಖ್ಯೆ: ಯಾವುದನ್ನು ಮೊದಲು ಸರಿಪಡಿಸಬೇಕು?

ಪ್ರಶ್ನೆ (ಬೇಕರಿ ಕೆಲಸಗಾರ, ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ನನಗೆ 33 ವರ್ಷ, ಊರು ಹಾಸನದ ಕಡೆ. ಹನ್ನೊಂದು ವರ್ಷದಿಂದ ಇಲ್ಲಿನ ಬೇಕರಿಯೊಂದರಲ್ಲಿ ದಿನಕ್ಕೆ ಎಂಟೊಂಬತ್ತು ಗಂಟೆ ಭಟ್ಟಿಯ ಮುಂದೆ ನಿಲ್ಲುತ್ತೇನೆ. ಬೆಳಗಿನ ಜಾವದ ಪಾಳಿಯಲ್ಲಿ ನಿದ್ದೆ ತಡೆಯಲೆಂದು ಶುರುವಾದ ಗುಟ್ಕಾ ಈಗ ದಿನಕ್ಕೆ ಏಳೆಂಟು ಪೊಟ್ಟಣಕ್ಕೆ ಬಂದಿದೆ.

ಮದುವೆಯಾಗಿ ಮೂರು ವರ್ಷವಾಯಿತು, ಮಕ್ಕಳಾಗಿಲ್ಲ. ಎರಡು ವರ್ಷ ನನ್ನ ಹೆಂಡತಿಯೊಬ್ಬಳನ್ನೇ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಸಿದೆವು. ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಗರ್ಭನಾಳದ ಎಕ್ಸ್‌ರೇ ಎಲ್ಲವೂ ಸರಿಯಾಗಿಯೇ ಬಂದವು. ಹೋದ ವಾರ ಮೊದಲ ಬಾರಿಗೆ ನನ್ನ ವೀರ್ಯ ಪರೀಕ್ಷೆ ಮಾಡಿಸಿದಾಗ ಮಿಲಿಲೀಟರಿಗೆ 90 ಲಕ್ಷ ವೀರ್ಯಾಣು, ಒಟ್ಟು ಚಲನೆ (ಚಲಿಸುವ ವೀರ್ಯಾಣುಗಳ ಪಾಲು) 25% ಎಂದು ವರದಿ ಬಂತು. ಅದಕ್ಕೆ ಒಂದೂವರೆ ತಿಂಗಳ ಹಿಂದೆ ಡೆಂಗಿ ಜ್ವರದಲ್ಲಿ ಐದು ದಿನ ಮಲಗಿದ್ದೆ. ಪರಿಚಯದವರೊಬ್ಬರು ಗಂಡಸರ ಹಾರ್ಮೋನಾದ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಹಾಕಿಸಿಕೊಳ್ಳಲು ಹೇಳುತ್ತಿದ್ದಾರೆ. ಮನೆಯಲ್ಲಿ ಇನ್ನೂ ಬಾಯಿಬಿಟ್ಟಿಲ್ಲ. ದಯವಿಟ್ಟು ತಿಳಿದವರು ಹೇಳಿ.

ಉತ್ತರ 1 (ಪ್ರಯೋಗಾಲಯದ ತಂತ್ರಜ್ಞೆ)

ಸರ್, ಈ ಒಂದು ವರದಿಯನ್ನೇ ಕೊನೆಯ ಮಾತೆಂದು ತಿಳಿಯಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಕೆಳಗಿನ ಮಿತಿ ಮಿಲಿಲೀಟರಿಗೆ 1 ಕೋಟಿ 60 ಲಕ್ಷ, ಒಟ್ಟು ಚಲನೆ 42%. ನಿಮ್ಮದು ಅದಕ್ಕಿಂತ ಕಡಿಮೆ ಎಂಬುದು ನಿಜ. ಆದರೆ ವೃಷಣದಲ್ಲಿ ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು 74 ದಿನ ಬೇಕು, ಆಮೇಲೆ ಪಕ್ವವಾಗಿ ಹೊರಬರಲು ಇನ್ನೂ ಕೆಲವು ದಿನ. ಹಾಗಾಗಿ ನೀವು ಕೊಟ್ಟ ಮಾದರಿಯಲ್ಲಿದ್ದ ವೀರ್ಯಾಣುಗಳು ನೀವು ಜ್ವರದಲ್ಲಿ ಬೇಯುತ್ತಿದ್ದಾಗ ಬೆಳೆಯುತ್ತಿದ್ದವು. ಮೂರು ತಿಂಗಳು ಕಳೆದ ಮೇಲೆ ಇನ್ನೊಮ್ಮೆ ಪರೀಕ್ಷಿಸಿ. ಹಿಂದಿನ ವೀರ್ಯಸ್ಖಲನಕ್ಕೂ ಪರೀಕ್ಷೆಗೂ ಎರಡರಿಂದ ಏಳು ದಿನದ ಅಂತರವಿರಲಿ, ಸಾಧ್ಯವಾದರೆ ಮಾದರಿಯನ್ನು ಪ್ರಯೋಗಾಲಯದಲ್ಲೇ ಕೊಡಿ. ಮನೆಯಿಂದ ತರುವುದಾದರೆ ಡಬ್ಬಿಯನ್ನು ಅಂಗಿಯೊಳಗೆ ಮೈಗೆ ತಾಗಿಸಿಕೊಂಡು ಒಂದು ಗಂಟೆಯೊಳಗೆ ತಲುಪಿಸಬೇಕು. ಬೈಕಿನ ಡಿಕ್ಕಿಯಲ್ಲಿ ಬಿಸಿಲಿಗೆ ಕಾದು ಬಂದ ಡಬ್ಬಿಗಳನ್ನು ನಾನು ಎಷ್ಟೋ ನೋಡಿದ್ದೇನೆ.

ಉತ್ತರ 2 (ವೈದ್ಯ)

ಮೊದಲ ಮಾತು: ಆ ಇಂಜೆಕ್ಷನ್ ಖಂಡಿತ ಬೇಡ. ಹೊರಗಿನಿಂದ ಟೆಸ್ಟೋಸ್ಟೆರಾನ್ ಬಂದರೆ ಮೆದುಳಿನ ಪಿಟ್ಯುಟರಿ ಗ್ರಂಥಿ ವೃಷಣಕ್ಕೆ ಕಳಿಸುವ ಹಾರ್ಮೋನುಗಳನ್ನು ನಿಲ್ಲಿಸಿಬಿಡುತ್ತದೆ, ಈಗಿರುವ ಸಂಖ್ಯೆಯೂ ಸೊನ್ನೆಗೆ ಇಳಿಯಬಹುದು. ಜಿಮ್‌ಗಳಲ್ಲಿ ಮೈ ಬೆಳೆಸಲು ಟೆಸ್ಟೋಸ್ಟೆರಾನ್ ಜಾತಿಯ ಸ್ಟೀರಾಯ್ಡ್ ಹಾಕಿಸಿಕೊಂಡ ಹುಡುಗರು ಮದುವೆಯಾದ ಮೇಲೆ ನಮ್ಮ ಬಳಿ ಬರುವುದು ಇದೇ ಕಾರಣಕ್ಕೆ.

ವೃಷಣಗಳು ದೇಹದ ಹೊರಗೆ ತೂಗುವುದೇ ಒಳಗಿನ ಬಿಸಿಗಿಂತ ಎರಡರಿಂದ ನಾಲ್ಕು ಡಿಗ್ರಿ ತಂಪಾಗಿರಲೆಂದು. ಭಟ್ಟಿ, ಲಾರಿಯ ಎಂಜಿನ್ ಪಕ್ಕದ ಆಸನ, ತೊಡೆಯ ಮೇಲಿನ ಲ್ಯಾಪ್‌ಟಾಪ್ ಎಲ್ಲವೂ ಆ ತಂಪನ್ನು ಕದಿಯುತ್ತವೆ. ತಂಬಾಕು ವೀರ್ಯಾಣುವಿನ ಸಂಖ್ಯೆ, ಚಲನೆಗಳನ್ನಷ್ಟೇ ಅಲ್ಲ, ಅದರೊಳಗಿನ ಡಿಎನ್‌ಎಯನ್ನೂ ಹಾಳುಮಾಡುತ್ತದೆ. ಬೊಜ್ಜು, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಮಿತಿಮೀರಿದ ಕುಡಿತವೂ ಇದೇ ಸಾಲಿನವು. ಆದರೆ ಎಲ್ಲವನ್ನೂ ಚಟದ ತಲೆಗೆ ಕಟ್ಟಿ ಸುಮ್ಮನಾಗಬಾರದು. ವೃಷಣದ ರಕ್ತನಾಳಗಳು ಊದಿಕೊಳ್ಳುವ ವೆರಿಕೋಸೀಲ್ ಸಾಮಾನ್ಯ ಗಂಡಸರಲ್ಲಿ ಸುಮಾರು 15% ಜನರಿಗೆ ಇದ್ದರೆ, ಮಕ್ಕಳಾಗದ ಗಂಡಸರಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲಿಗಿಂತಲೂ ಹೆಚ್ಚು ಜನರಲ್ಲಿ ಸಿಗುತ್ತದೆ. ಹರೆಯದ ನಂತರ ಬಂದ ಮಂಗನಬಾವು, ಬಾಲ್ಯದಲ್ಲಿ ಕೆಳಗಿಳಿಯದ ವೃಷಣ, ಹುಟ್ಟಿನಿಂದ ಬಂದ ಕ್ರೋಮೋಸೋಮ್ ತೊಂದರೆಗಳನ್ನೂ ನೋಡಬೇಕು. ಯುರಾಲಜಿ (ಮೂತ್ರಾಂಗ) ಅಥವಾ ಆಂಡ್ರಾಲಜಿ (ಗಂಡಸರ ಸಂತಾನಶಕ್ತಿ) ವೈದ್ಯರು ನಿಮ್ಮನ್ನು ಮಂಚದ ಪಕ್ಕ ನಿಲ್ಲಿಸಿ ಕೈಯಿಂದ ಪರೀಕ್ಷಿಸಿದರೆ ವೆರಿಕೋಸೀಲ್ ಎಷ್ಟೋ ವೇಳೆ ಅಲ್ಲೇ ಗೊತ್ತಾಗುತ್ತದೆ.

ಉತ್ತರ 3 (ದಾವಣಗೆರೆ)

ಅಣ್ಣ, ನನಗೂ ಎಡಗಡೆ ವೆರಿಕೋಸೀಲ್ ಇತ್ತು. ಸಂಜೆಯ ಹೊತ್ತಿಗೆ ಭಾರವಾಗಿ ಎಳೆದಂತಾಗುತ್ತಿತ್ತು, ನಿಂತು ಕೆಲಸ ಮಾಡಿದ್ದಕ್ಕೆ ಎಂದುಕೊಂಡು ವರ್ಷಗಟ್ಟಲೆ ಸುಮ್ಮನಿದ್ದೆ. ಅಷ್ಟು ದಿನ ನನ್ನ ಹೆಂಡತಿ ನೆರೆಹೊರೆಯವರ ಮಾತನ್ನೆಲ್ಲ ಕೇಳಿಕೊಂಡಳು. ಶಸ್ತ್ರಚಿಕಿತ್ಸೆಯಾಗಿ ಎಂಟು ತಿಂಗಳಿಗೆ ಸಂಖ್ಯೆ ಏರಿತು. ಎಲ್ಲರಿಗೂ ಹಾಗೇ ಆಗುತ್ತದೆ ಎನ್ನಲಾರೆ. ಆದರೆ ನಿಮ್ಮ ತಾಯಿಯವರಿಗೆ ಈ ವರದಿಯ ವಿಷಯವನ್ನು ನೀವೇ ಹೇಳಿ, ಅತ್ತಿಗೆಯಿಂದ ಹೇಳಿಸಬೇಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಇಂಜೆಕ್ಷನ್ ಬೇಡವೆಂದು ಅವರಿಗೆ ಹೇಳಿಬಿಟ್ಟೆ. ಮಾಲೀಕರನ್ನು ಕೇಳಿ ಭಟ್ಟಿಯಿಂದ ಹಿಟ್ಟು ಕಲಸುವ ಕಡೆಗೆ ಬದಲಾಗಿದ್ದೇನೆ. ಗುಟ್ಕಾ ಬಿಟ್ಟು ನಾಲ್ಕು ದಿನ ಆಯಿತು. ಬರುವ ಸೋಮವಾರ ಯುರಾಲಜಿ ವೈದ್ಯರ ಬಳಿಗೆ ಇಬ್ಬರೂ ಹೋಗುತ್ತಿದ್ದೇವೆ. ಅಮ್ಮನಿಗೆ ನಿನ್ನೆ ರಾತ್ರಿ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ, ಆಮೇಲೆ ಫೋನನ್ನು ಸೊಸೆಗೆ ಕೊಡು ಎಂದರು.