ವೈರಸ್ ಹಿಡಿದ ಕಂಪ್ಯೂಟರಿಗೆ ದೂರದಿಂದ ಕನೆಕ್ಟ್ ಆದರೆ ನಮ್ಮದಕ್ಕೂ ಬರುತ್ತಾ? ಅನುಭವ ಇದ್ದವರು ಹೇಳಿ

ತೀರ್ಥಹಳ್ಳಿ ಮಗ: ನಮಸ್ಕಾರ. ಅಪ್ಪ ತೀರ್ಥಹಳ್ಳೀಲಿ, ನಾನು ಬೆಂಗಳೂರಲ್ಲಿ. ಅವರದ್ದು ಇನ್ನೂ ವಿಂಡೋಸ್ 7. ಮೊನ್ನೆಯಿಂದ ಬ್ರೌಸರ್ ತೆರೆದರೆ ತಾನಾಗಿ ಯಾವುದೋ ಪೇಜಿಗೆ ಹೋಗುತ್ತಂತೆ. ನನಗೆ ರಜೆ ಸಿಗೋಕೆ ಮೂರು ವಾರ ಇದೆ. ದೂರದಿಂದಲೇ ಇನ್ನೊಂದು ಕಂಪ್ಯೂಟರ್ ನಡೆಸೋ ಎನಿಡೆಸ್ಕ್ ಆ್ಯಪ್‌ನಲ್ಲಿ ಹೋಗಿ ನಾನೇ ಕ್ಲೀನ್ ಮಾಡೋಣ ಅಂತಿದೀನಿ. ನನ್ನ ಹತ್ರ ಇರೋದು ಆಫೀಸ್ ಲ್ಯಾಪ್‌ಟಾಪ್ ಒಂದೇ. ಅಲ್ಲಿಂದ ಇಲ್ಲಿಗೆ ದಾಟುತ್ತಾ?

ದಾವಣಗೆರೆ ಟ್ಯಾಲಿ: ದಾಟುತ್ತೆ. ನನಗೆ ದಾಟಿದೆ. 2019ರ ನವೆಂಬರ್ 18. ಒಂದು ರೈಸ್ ಮಿಲ್ಲಿನ ಲೆಕ್ಕ ನೋಡ್ತಿದ್ದೆ. ರಿಮೋಟ್ ಡೆಸ್ಕ್‌ಟಾಪಲ್ಲಿ ಹೋಗೋವಾಗ ಬ್ಯಾಕಪ್ ಎಳ್ಕೊಳ್ಳೋಕೆ ಸುಲಭ ಅಂತ 'ಡ್ರೈವ್ಸ್'ಗೆ ಟಿಕ್ ಹಾಕಿಟ್ಟಿದ್ದೆ, ಆ ತಪ್ಪು ನನ್ನದೇ. ಟಿಕ್ ಹಾಕಿದರೆ ನಮ್ಮ ಡಿ ಡ್ರೈವ್ ಅವರ ಕಂಪ್ಯೂಟರೊಳಗೆ ಅವರದೇ ಡ್ರೈವ್ ಥರ ಕಾಣುತ್ತೆ. ಅಲ್ಲಿ ಕೂತಿದ್ದ ರಾನ್ಸಮ್‌ವೇರ್‌ಗೂ (ಫೈಲಿಗೆ ಬೀಗ ಹಾಕಿ ದುಡ್ಡು ಕೇಳೋ ವೈರಸ್) ಕಂಡಿತು. ಟೀ ಕುಡಿದು ಬರೋದ್ರೊಳಗೆ ಒಂಬತ್ತು ಪಾರ್ಟಿಗಳ ಡೇಟಾ ಲಾಕ್. 20ಕ್ಕೆ ಜಿಎಸ್‌ಟಿಯ ತಿಂಗಳ ರಿಟರ್ನ್ 3ಬಿ ಸಲ್ಲಿಸೋಕೆ ಕೊನೇ ದಿನ! ಡೇಟಾ ರಿಕವರಿಗೆ 14,000 ಕೊಟ್ಟೆ, ಒಂದು ಫೈಲೂ ಬರಲಿಲ್ಲ. ಒಂಬತ್ತೂ ಜನರದ್ದು ಆರು ದಿನ ತಡ, ದಿನಕ್ಕೆ 50ರಂತೆ 2,700 ಲೇಟ್ ಫೀ ನಾನೇ ಕಟ್ಟಿದೆ. ಹೊಸ ಡಿಸ್ಕಿಗೆ 5,200. ಅಕ್ಟೋಬರ್ ಲೆಕ್ಕ ಮೊದಲು, ಹಿಂದಿನ ಆರು ತಿಂಗಳದ್ದು ಆಮೇಲೆ, ಬಿಲ್ ಬುಕ್ ತರಿಸಿ 23 ರಾತ್ರಿ ಎಂಟ್ರಿ ಹಾಕಿದೀನಿ. ಮೂರು ಪಾರ್ಟಿ ಬಿಟ್ಟುಹೋದರು.

ಹುಬ್ಬಳ್ಳಿ ರಿಪೇರಿ: ಅಕ್ಕಾರ, ಟಿಕ್ ಹಾಕಿದ ಮ್ಯಾಲೆ ವೈರಸ್ಸಿಗೆ ಯಾಕ ಬೈತೀರಿ? 14 ವರ್ಷ ಆತು ನಾ ಈ ಕೆಲಸಾ ಮಾಡಾಕತ್ತು. ವೈರಸ್ ಐತಿ ಅಂತ ಗೊತ್ತಾದ ಮಷೀನಿಗೆ ರಿಮೋಟ್ ಹೋಗಂಗಿಲ್ಲ. ರಿಮೋಟಿಗೆ ನೆಟ್ ಚಾಲೂ ಇರಬೇಕು, ನೆಟ್ ಚಾಲೂ ಇದ್ರ ಕಳ್ಳಗೂ ದಾರಿ ಚಾಲೂನ. ಹ್ವಾದ ವರ್ಷ ಒಂದ ಮಷೀನ್ ಸಲುವಾಗಿ ನವಲಗುಂದಕ್ಕ ಎರಡ ಸಲ ಹೋದೆ. ಬಸ್ಸು, ಊಟ ಕೂಡಿ 340 ಆತು, ತೊಗೊಂಡಿದ್ದು 500. ನೆಟ್ ವೈರ್ ಕಿತ್ತೆ, ಪೆನ್‌ಡ್ರೈವಿಂದ ಬೂಟ್ ಮಾಡಿ ಸ್ಕ್ಯಾನ್ ಹಚ್ಚಿದೆ, 61 ವೈರಸ್ ಸಿಕ್ಕುವು. ಎಲ್ಲಾ ಕಳ್ಳ ವಿಂಡೋಸ್ ಚಾಲೂ ಮಾಡೋ ಫುಕಟ್ ಆಕ್ಟಿವೇಟರ್‌ನಿಂದ ಬಂದದ್ದು. ಫಾರ್ಮ್ಯಾಟ್ ಹೊಡದ ಕೊಟ್ಟೆ. ಇವತ್ತಿನ ತನಕ ಫೋನ್ ಬಂದಿಲ್ಲ.

ದಾವಣಗೆರೆ ಟ್ಯಾಲಿ: ತಪ್ಪು ನನ್ನದು ಅಂತ ನಾನೇ ಬರೆದಿದೀನಿ, ಓದಿ ಮಾತಾಡಿ. ಆ ಮಿಲ್ಲಿಗೆ ಕಳ್ಳ ವಿಂಡೋಸ್ ಹಾಕಿಕೊಟ್ಟಿದ್ದು ನಿಮ್ಮ ಹಾಗೇ ರಿಪೇರಿ ಮಾಡೋನೊಬ್ಬ.

ಹುಬ್ಬಳ್ಳಿ ರಿಪೇರಿ: ನನ್ನ ಕೈಯಿಂದ ಒಂದೂ ಕಳ್ಳ ವಿಂಡೋಸ್ ಹೋಗಿಲ್ಲ. ಯಾರೋ ಮಾಡಿದ್ದಕ್ಕ ನನಗ್ಯಾಕ ಅಂತೀರಿ? 500 ರೂಪಾಯಿಗೆ ಎಲ್ಲಾ ಹಾಕಿಕೊಡು ಅನ್ನೋ ಗಿರಾಕಿನ್ನ ಮೊದಲ ಕೇಳ್ರಿ.

ಡಲ್ಲಾಸ್‌ನಿಂದ: ಬಸ್ ಹತ್ತಿ ಹೋಗೋಕಾಗದವರೂ ಇದೀವಿ ಸರ್. ಅಮ್ಮ ಮೈಸೂರಲ್ಲಿ ಒಬ್ಬರೇ. 2023ರಲ್ಲಿ ನಾನೂ ದೂರದಿಂದಲೇ ಕೂತೆ. ಆ ಕಡೆಯಿಂದ ಬರೋದು ಪರದೆಯ ಚಿತ್ರ, ಚಿತ್ರದಿಂದ ಸಾಮಾನ್ಯವಾಗಿ ವೈರಸ್ ಅಂಟಲ್ಲ. ದಾಟೋದು ಫೈಲು, ಕ್ಲಿಪ್‌ಬೋರ್ಡು (ಕಾಪಿ ಮಾಡಿದ್ದು ಪೇಸ್ಟ್ ಆಗೋವರೆಗೆ ಇರೋ ಜಾಗ). ಎರಡನ್ನೂ ಆಫ್ ಮಾಡಿದ್ದೆ, ಆದರೂ ಕಳ್ಕೊಂಡೆ. ಸ್ಕ್ಯಾನರ್ ಫೈಲ್ ನನ್ನ ಮೇಲ್‌ನಲ್ಲಿತ್ತು, ಅಮ್ಮನ ಬ್ರೌಸರಲ್ಲೇ ನನ್ನ ಪಾಸ್‌ವರ್ಡ್ ಟೈಪ್ ಮಾಡಿದೆ. ಅಲ್ಲಿ ಕೀಲಾಗರ್ ಇತ್ತು, ಅಂದ್ರೆ ಟೈಪ್ ಮಾಡಿದ್ದನ್ನೆಲ್ಲ ಕದಿಯೋ ಪ್ರೋಗ್ರಾಂ. ನಾಲ್ಕನೇ ದಿನ ಮೇಲ್ ಕೈತಪ್ಪಿತು, ವಾಪಸ್ ಪಡೆಯೋಕೆ 11 ದಿನ. ಅಮ್ಮ ನೆಟ್‌ಬ್ಯಾಂಕಿಂಗ್ ಮಾಡ್ತಿದ್ದದ್ದೂ ಅದರಲ್ಲೇ, ಓಟಿಪಿ ಹೊಡೀತಿದ್ದದ್ದೂ ಅದರಲ್ಲೇ. ಪಿಂಚಣಿ ಖಾತೆಯಿಂದ 48,000 ಹೋಯಿತು. ತಮ್ಮ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ. ತಡೆಹಿಡಿದ 19,000 ಐದು ತಿಂಗಳ ಮೇಲೆ ಬಂತು, ಉಳಿದದ್ದು ಇಲ್ಲ. ಅಮ್ಮ ಇವತ್ತಿಗೂ ಮೌಸ್ ಮುಟ್ಟಲ್ಲ.

ಹುಬ್ಬಳ್ಳಿ ರಿಪೇರಿ: ನಾ ಹೇಳಿದ್ದೂ ಅದ. ಊರಾಗ ಒಬ್ಬನ್ನ ಕರಸಿದ್ರ 500ರಾಗ ಮುಗೀತಿತ್ತು.

ಡಲ್ಲಾಸ್‌ನಿಂದ: ಮನೇಲಿ ಒಬ್ಬರೇ ಇರೋ 71 ವರ್ಷದ ಹೆಂಗಸು ಗುರುತಿಲ್ಲದವರನ್ನ ಒಳಗೆ ಕರೀಬೇಕಾ? ಅಷ್ಟು ಸುಲಭವಾಗಿ ಹೇಳ್ಬೇಡಿ.

ಮಂಗಳೂರು ನೆಟ್‌ವರ್ಕ್: ಅವರು ಆಫೀಸ್ ಲ್ಯಾಪ್‌ಟಾಪ್ ಅಂತ ಬರೆದದ್ದು ಯಾರಿಗೂ ಕಾಣ್ಲಿಲ್ವಾ ಮಾರಾಯ್ರೆ? 2017ರ ಮೇ 12, ಶುಕ್ರವಾರ, ತಾನಾಗಿ ಹಬ್ಬುವ ರಾನ್ಸಮ್‌ವೇರ್ ವಾನ್ನಾಕ್ರೈ. ನಮ್ಮಲ್ಲಿ ಒಬ್ಬ ಮನೆಯಿಂದ ವಿಪಿಎನ್ (ಆಫೀಸ್ ನೆಟ್‌ವರ್ಕಿಗೆ ದೂರದಿಂದ ಸೇರುವ ದಾರಿ) ಹಾಕಿಕೊಂಡು ಬಂದ, ಅವನೊಬ್ಬನ ಮಷೀನಿನಿಂದ 37 ಕಂಪ್ಯೂಟರ್ ಹೋದವು. ಯಾರೂ ಏನನ್ನೂ ಕ್ಲಿಕ್ ಮಾಡಿರ್ಲಿಲ್ಲ. ವಿಪಿಎನ್ ಹಾಕಿದ ಮೇಲೆ ಎರಡು ಮನೆಗೂ ಒಂದೇ ಅಂಗಳ, ಫೈಲ್ ಹಂಚುವ ಬಾಗಿಲಾದ 445 ಪೋರ್ಟ್ ತೆರೆದಿದ್ದರೆ ಹುಳ ತಾನೇ ನಡೆದು ಬರ್ತದೆ. ಮೈಕ್ರೋಸಾಫ್ಟ್ ಪ್ಯಾಚ್ ಮಾರ್ಚ್‌ನಲ್ಲೇ ಬಂದಿತ್ತು, ನಾವು ಹಾಕಿರ್ಲಿಲ್ಲ. ಮೂರು ರಾತ್ರಿ ಸರ್ವರ್ ರೂಮಿನಲ್ಲಿ ಮಲಗಿದ್ದೇನೆ. ಕ್ಲಿಪ್‌ಬೋರ್ಡ್ ವಿಷಯವೂ ಸಣ್ಣದಲ್ಲ. ಕೆಟ್ಟ ಕಂಪ್ಯೂಟರಿನಿಂದ ಕಾಪಿ ಮಾಡಿ ಇಲ್ಲಿ ಪೇಸ್ಟ್ ಮಾಡಿದರೆ ಹೇಳದ ಜಾಗಕ್ಕೂ ಫೈಲ್ ಬಿಸಾಡಬಹುದು ಅಂತ 2019ರಲ್ಲಿ ಸೈಬರ್ ಭದ್ರತಾ ಕಂಪನಿ ಚೆಕ್ ಪಾಯಿಂಟ್‌ನವರು ತೋರಿಸಿದ್ದರು. ಈಗ ನಾನು ಹೋಗುವುದು ವರ್ಚುವಲ್ ಮಷೀನಿನೊಳಗಿಂದ (ಕಂಪ್ಯೂಟರಿನೊಳಗೇ ಬೇರೆಯಾಗಿ ಓಡುವ ಇನ್ನೊಂದು ಕಂಪ್ಯೂಟರ್), ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ. ಕೆಲಸ ಆದ ಕೂಡ್ಲೆ ಅದನ್ನು ಸ್ನ್ಯಾಪ್‌ಶಾಟ್‌ಗೆ, ಅಂದ್ರೆ ಮೊದಲೇ ಉಳಿಸಿಟ್ಟ ಸ್ಥಿತಿಗೆ, ಹಿಂದೆ ತಿರುಗಿಸುವುದು. ಅದಕ್ಕಂತಲೇ 16 ಜಿಬಿ ರ‍್ಯಾಮಿನ ಲ್ಯಾಪ್‌ಟಾಪಿಗೆ 62,000 ಹಾಕಿದೆ.

ಶಿರಸಿ ಡಿಟಿಪಿ: 'ಫಾರ್ಮ್ಯಾಟ್ ಹೊಡದ ಕೊಟ್ಟೆ' ಅಂತ ಓದಿ ಹೊಟ್ಟೆ ಉರಿಯಿತು. ನಮ್ಮ ಅಪ್ಪ ಎಂಟು ವರ್ಷ ಕೂತು ತಾಳಮದ್ದಲೆ ಅರ್ಥಗಾರಿಕೆಯ ಟಿಪ್ಪಣಿಗಳನ್ನ ನುಡಿ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ್ದರು, 212 ಪುಟ. ರಿಪೇರಿಯವನು ಕೇಳದೆ ಅಳಿಸಿದ. ಹಳೇ ಸಿಡಿಯಲ್ಲಿ ಉಳಿದ 40 ಪುಟ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ. ನುಡಿ ಫಾಂಟ್ ಮತ್ತೆ ಹಾಕೋ ತನಕ ಅದೂ ಹೋಯಿತು ಅಂತಲೇ ಅಂದುಕೊಂಡಿದ್ದೆ.

ಮಂಗಳೂರು ನೆಟ್‌ವರ್ಕ್: ಯೂನಿಕೋಡ್‌ನಲ್ಲಿ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಬರೆದಿದ್ದರೆ ಆ 40 ಪುಟಕ್ಕೆ ಫಾಂಟ್ ಹುಡುಕುವ ಕಷ್ಟ ಇರ್ಲಿಲ್ಲ.

ಶಿರಸಿ ಡಿಟಿಪಿ: ಅಪ್ಪ ಶುರು ಮಾಡಿದ್ದು 2004ರಲ್ಲಿ. ಆಗ ಪ್ರೆಸ್ಸಿನವರು ಯೂನಿಕೋಡ್ ತಗೊಳ್ತಿದ್ದರಾ? ಅಳಿಸಿದ್ದು ಅವರಲ್ಲ.

ಹುಬ್ಬಳ್ಳಿ ರಿಪೇರಿ: ನಾ ಬ್ಯಾಕಪ್ ಕೇಳದ ಹೊಡಿಯಂಗಿಲ್ಲ. ಮತ್ತ ನನಗ ಹಚ್ಚಬ್ಯಾಡ್ರಿ.

ತೀರ್ಥಹಳ್ಳಿ ಮಗ: ಫೋನ್ ಮಾಡಿ ರೌಟರ್ ಆಫ್ ಮಾಡಿಸಿದೆ. ಬ್ಯಾಂಕ್ ಪಾಸ್‌ವರ್ಡ್ ಅಪ್ಪನ ಮೊಬೈಲಲ್ಲಿ ಬದಲಿಸಿದ್ವಿ. ಆದ್ರೆ ಅವರ ಸಂಘದ ಹತ್ತು ವರ್ಷದ ನಡಾವಳಿ ಎಲ್ಲ ನುಡಿಯಲ್ಲೇ ಇದೆ. ಪೆನ್‌ಡ್ರೈವಿಗೆ ಹಾಕಿಸಿದರೆ ವೈರಸ್ಸೂ ಜೊತೆಗೆ ಬರುತ್ತಾ?

ಹುಬ್ಬಳ್ಳಿ ರಿಪೇರಿ: ಪತ್ರದ ಫೈಲ್ ಅಷ್ಟ ತೊಗೊಳ್ರಿ, ಇಎಕ್ಸ್‌ಇ (ಪ್ರೋಗ್ರಾಂ ಫೈಲ್) ಒಂದೂ ಬ್ಯಾಡ. ಹೊಸಾ ಪೆನ್‌ಡ್ರೈವ್ ತರಸ್ರಿ. ಅದನ್ನ ನಿಮ್ಮ ಆಫೀಸ್ ಲ್ಯಾಪ್‌ಟಾಪಿಗೆ ಮಾತ್ರ ಚುಚ್ಚಬ್ಯಾಡ್ರಿ.